ಪತ್ತು ಯಾರಪ್ಪನ ಸ್ವತ್ತು?

ಹೋದ ತಿಂಗಳು ನಮ್ಮ ಹಾಸ್ಟೆಲಿನ ಹುಡುಗನೊಬ್ಬ ಬ್ಯಾಂಕಿಗೆ ಹೋಗಿ ಬಂದ. ಬಿ.ಕಾಂ. ಎರಡನೇ ವರ್ಷ. ಅಪ್ಪ ಇಲ್ಲ, ಅವ್ವ ಕೂಲಿ. ಅವನಿಗೆ ಒಂದು ಕ್ರೆಡಿಟ್ ಕಾರ್ಡು ಬೇಕಿತ್ತು. ಶೋಕಿಗಲ್ಲ. ಮುಂದೆ ಎಂ.ಬಿ.ಎ. ಮಾಡಬೇಕು, ಅದಕ್ಕೆ ಶಿಕ್ಷಣ ಸಾಲ ಬೇಕು, ಸಾಲ ಬೇಕಾದರೆ ಈಗಿನಿಂದಲೇ ಬ್ಯಾಂಕಿನ ಲೆಕ್ಕದಲ್ಲಿ ತನ್ನದೊಂದು ಹೆಸರಿರಬೇಕು ಎಂದು ಯಾರೋ ಅವನಿಗೆ ಹೇಳಿದ್ದರು. ಹೇಳಿದವರು ಸುಳ್ಳು ಹೇಳಿರಲಿಲ್ಲ. ಕೌಂಟರಿನಲ್ಲಿದ್ದವರು ಕಂಪ್ಯೂಟರ್ ಒತ್ತಿ ನೋಡಿ ಒಳ್ಳೇ ಮಾತಲ್ಲೇ ಹೇಳಿದರಂತೆ.

"ನಿಂಗೆ ಹಿಸ್ಟರಿ ಇಲ್ಲ ಕಣಪ್ಪ. ಹಿಸ್ಟರಿ ಇಲ್ದೋರಿಗೆ ಕಾರ್ಡು ಕೊಡಕ್ಕೆ ಬರಲ್ಲ."

"ಹಿಸ್ಟರಿ ಹೆಂಗೆ ಬರ್ತದೆ ಸಾರ್?"

"ಸಾಲ ತಗಂಡು ಸರಿಯಾಗಿ ಕಟ್ಟಿರಬೇಕು."

"ಹಂಗಾದ್ರೆ ಸಾಲ ಕೊಡಿ ಸಾರ್."

"ಹಿಸ್ಟರಿ ಇಲ್ದೆ ಹೆಂಗಪ್ಪ ಕೊಡೋದು?"

ರಾತ್ರಿ ಊಟದ ಹೊತ್ತಲ್ಲಿ ಅವನು ಇದನ್ನು ಹೇಳಿದಾಗ ನಾವೆಲ್ಲ ನಕ್ಕೆವು. ಆಮೇಲೆ ನಗು ನಿಂತಿತು. ನಿಮಗೆ ಚರಿತ್ರೆ ಇಲ್ಲ ಎಂದು ನಮಗೆ ಹೇಳಿದವರಲ್ಲಿ ಈ ಬ್ಯಾಂಕಿನವರು ಮೊದಲಿಗರಲ್ಲ. ಶಾಸನ ಓದುವವರು ಹೇಳಿದರು, ಪುರಾಣ ಓದುವವರು ಹೇಳಿದರು, ಪಠ್ಯಪುಸ್ತಕ ಬರೆಯುವವರು ಹೇಳದೆಯೇ ತೋರಿಸಿದರು. ಅದೆಲ್ಲ ಇರಲಿ. ಆದರೆ ಸಾಲದ ಚರಿತ್ರೆಯೂ ನಿಮಗಿಲ್ಲ ಎನ್ನುವ ಮಾತನ್ನು ಮಾತ್ರ ನಾವು ಒಪ್ಪಲಾರೆವು. ಗೆಳೆಯರೇ, ಈ ನಾಡಿನಲ್ಲಿ ಸಾಲದ ಚರಿತ್ರೆ ಅಂತ ಯಾರಿಗಾದರೂ ಇದ್ದರೆ ಅದು ನಮಗೇ ಇರುವುದು. ಮದುವೆಗೆಂದು ತಂದ ಇನ್ನೂರು ರೂಪಾಯಿಗೆ ಅಜ್ಜ ಜೀತಕ್ಕೆ ನಿಂತ. ಅಜ್ಜ ಸತ್ತಾಗಲೂ ಅದು ತೀರಿರಲಿಲ್ಲ, ಅಪ್ಪ ಅದೇ ಮನೆಯ ದನ ಕಾಯಲು ಹೋದ. ಜ್ವರ ಬಂದ ದಿನ ರಜೆ ಕೇಳಿದರೆ ಆ ದಿನವನ್ನೂ ಸಾಲಕ್ಕೇ ಸೇರಿಸಿದರು. ಒಂದು ಕಂತೂ ತಪ್ಪಲಿಲ್ಲ. ಮೈಯಿಂದ ಕಟ್ಟಿದ್ದು, ವರ್ಷಗಳಿಂದ ಕಟ್ಟಿದ್ದು. ಇವತ್ತಿನ ಯಾವ ಕಂಪ್ಯೂಟರಿಗೆ ಹಾಕಿದರೂ ಒಂಬೈನೂರಕ್ಕೆ ಒಂಬೈನೂರು ಬರಬೇಕಾದ ಲೆಕ್ಕ ಅದು. ಆದರೆ ಆ ಲೆಕ್ಕದ ಪುಸ್ತಕ ಇದ್ದದ್ದು ಧಣಿಯ ಮನೆಯ ಪೆಟ್ಟಿಗೆಯಲ್ಲಿ. ಬರೆದವನು ಅವನು, ಓದಿ ಹೇಳಿದವನು ಅವನು, ಹೆಬ್ಬೆಟ್ಟು ಮಾತ್ರ ನಮ್ಮದು.

1975ರ ಅಕ್ಟೋಬರ್ 25ರಿಂದ ಜೀತ ರದ್ದಾಯಿತು, 1976ರಲ್ಲಿ ಅದಕ್ಕೆ ಕಾಯ್ದೆಯ ಮುದ್ರೆ ಬಿತ್ತು. ಅದೇ 1976ರಲ್ಲಿ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆ ತಂದು ಸಣ್ಣ ರೈತರ, ಭೂಮಿ ಇಲ್ಲದ ಕೂಲಿಗಳ ಸಾಲವನ್ನು ಅಳಿಸಿತು. ಧಣಿಯ ಪುಸ್ತಕ ಕಾನೂನಿನ ಮಟ್ಟಿಗೆ ಸುಟ್ಟುಹೋಯಿತು. ಸುಟ್ಟದ್ದು ಒಳ್ಳೆಯದೇ ಆಯಿತು. ಆದರೆ ನಮ್ಮವರು ಕಟ್ಟಿದ್ದನ್ನು ಯಾರೂ ಎಲ್ಲೂ ಬರೆದಿಡಲಿಲ್ಲ. ಅಜ್ಜ ಎರಡು ಸಲ ತೀರಿಸಿದ ಸಾಲಕ್ಕೆ ರಸೀದಿ ಇಲ್ಲ, ಮೊಮ್ಮಗನಿಗೆ ಹಿಸ್ಟರಿ ಇಲ್ಲ.

ಈ ಕ್ರೆಡಿಟ್ ಎನ್ನುವ ಮಾತಿಗೆ ಕನ್ನಡದಲ್ಲಿ ಒಂದು ಒಳ್ಳೆಯ ಮಾತಿದೆ, ಪತ್ತು. ಊರೂರಿನಲ್ಲಿ ಪತ್ತಿನ ಸಹಕಾರಿ ಸಂಘದ ಬೋರ್ಡು ನೋಡಿರುತ್ತೀರಿ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಇಂಥ ಸಂಘ ಕಟ್ಟಿದರು, ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸುವುದಕ್ಕೆ. ದೊಡ್ಡ ಕೆಲಸ, ಅದನ್ನು ನಾವು ಸಣ್ಣದು ಮಾಡುವುದಿಲ್ಲ. ಪತ್ತು ಅಂದರೆ ನಂಬಿಕೆ. ಈತ ಕೊಟ್ಟ ಮಾತಿಗೆ ನಿಲ್ಲುವವನು ಎಂದು ನಾಲ್ಕು ಜನ ಒಪ್ಪುವುದು. ಆದರೆ ಸಂಘಕ್ಕೆ ಹೋಗಿ ಬೆಳೆ ಸಾಲ ಕೇಳಿದರೆ ಮೊದಲು ತೋರಿಸಬೇಕಾದದ್ದು ಪಹಣಿ. ಹೊಲ ಇದ್ದವನಿಗೆ ಪಹಣಿ, ಪಹಣಿ ಇದ್ದವನಿಗೆ ಪತ್ತು. ಹೊಲ ಉತ್ತವನಿಗೆ? ಅವನ ಮಾತಿಗೆ ನಾಲ್ಕು ಜನ ಇರಲಿಲ್ಲ ಎಂದಲ್ಲ, ಆ ನಾಲ್ಕು ಜನ ಕೇರಿಯವರಾಗಿದ್ದರು.

ಈಗ ಪಹಣಿಯ ಜಾಗಕ್ಕೆ ಅಂಕ ಬಂದಿದೆ. 2000ದಲ್ಲಿ ಸಿಬಿಲ್ ಕಂಪನಿ ಹುಟ್ಟಿತು. 2005ರಲ್ಲಿ ಪಾರ್ಲಿಮೆಂಟು ಪತ್ತಿನ ಮಾಹಿತಿ ಕಂಪನಿಗಳಿಗೆ ಕಾಯ್ದೆ ಮಾಡಿತು. ಈಗ ಇಂಥವು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿ.ಆರ್.ಐ.ಎಫ್. ಹೈ ಮಾರ್ಕ್. ನಾಡಿನ ಬ್ಯಾಂಕುಗಳೂ ಫೈನಾನ್ಸುಗಳೂ ಯಾರು ಎಷ್ಟು ಸಾಲ ತಂದರು, ಎಷ್ಟನೇ ತಾರೀಕು ಕಟ್ಟಿದರು, ಎಷ್ಟು ದಿನ ಸುಸ್ತಿಯಾದರು ಎಂದು ಈ ಕಂಪನಿಗಳಿಗೆ ಬರೆದು ಕಳಿಸುತ್ತವೆ. ಅವು 300ರಿಂದ 900ರ ನಡುವೆ ಒಂದು ಅಂಕ ಹಾಕುತ್ತವೆ. ಹುಟ್ಟಿದ ತಾರೀಕು, ಪ್ಯಾನ್ ನಂಬರು, ಆಮೇಲೆ ಈ ಅಂಕ. ಬ್ಯಾಂಕಿನ ಮುಂದೆ ಮನುಷ್ಯ ಅಂದರೆ ಇಷ್ಟೇ.

ಇಲ್ಲಿ ಒಂದು ಮೋಸವನ್ನು ಎಲ್ಲರೂ ಗಮನಿಸಬೇಕು. ಈ ಪುಸ್ತಕದಲ್ಲಿ ಸಾಲ ಮಾತ್ರ ಬರೆಯುತ್ತಾರೆ. ಉಳಿತಾಯ ಬರೆಯುವುದಿಲ್ಲ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದ. ಅವತ್ತಿನಿಂದ ಇವತ್ತಿನವರೆಗೆ ಸೊಪ್ಪು ಮಾರುವವರು, ಬೀಡಿ ಕಟ್ಟುವವರು, ಚಪ್ಪಲಿ ಹೊಲಿಯುವವರು ಮಳೆ ಬರಲಿ ಬಿಸಿಲಿರಲಿ ಪಿಗ್ಮಿ ಕಟ್ಟಿದ್ದಾರೆ. ಅವರ ದುಡ್ಡಿನ ಮೇಲೆ ಬ್ಯಾಂಕುಗಳು ಮಹಡಿ ಎಬ್ಬಿಸಿವೆ. ಇಪ್ಪತ್ತು ವರ್ಷ ಒಂದು ದಿನ ತಪ್ಪದೆ ಪಿಗ್ಮಿ ಕಟ್ಟಿದ ಹೆಂಗಸಿಗೆ ಇವತ್ತು ಅಂಕ ಎಷ್ಟು ಅಂದರೆ, ಇಲ್ಲ. ಸೊನ್ನೆಯೂ ಅಲ್ಲ, ಇಲ್ಲ. ಅದೇ ಹೆಂಗಸು 2020ರ ಕೊರೋನಾ ಕಾಲದಲ್ಲಿ ಮಹಿಳಾ ಗುಂಪಿಗೆ ಸಾಲ ಕೊಟ್ಟ ಫೈನಾನ್ಸಿನ ಎರಡು ಕಂತು ತಪ್ಪಿಸಿದ್ದರೆ ಅದು ಇದೆ. ಕೂಡಿಟ್ಟ ದಿನಗಳಿಗೆ ಲೆಕ್ಕವಿಲ್ಲ, ತಪ್ಪಿದ ದಿನಗಳಿಗೆ ಲೆಕ್ಕವಿದೆ.

ತಾಯಿಯ ವಿಷಯ ಯಾಕೆ ತಂದೆವು ಎಂದು ಕೇಳಬಹುದು. ಮಗ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿದರೆ ಅಪ್ಪನೋ ಅವ್ವನೋ ಜೊತೆ ಸಾಲಗಾರರಾಗಿ ರುಜು ಹಾಕಬೇಕು. ಆಗ ನೋಡುವುದು ಅವರ ಅಂಕವನ್ನೂ. ಆ ಎರಡು ಕಂತು ಮಗಳ ನರ್ಸಿಂಗಿಗೆ, ಮಗನ ಎಂಜಿನಿಯರಿಂಗಿಗೆ ಅಡ್ಡ ಬಂದು ನಿಂತುಕೊಳ್ಳುತ್ತವೆ. ಅಪ್ಪನ ಜೀತ ಮಗನಿಗೆ ಬರುವ ಪದ್ಧತಿಯನ್ನು ಕಾಯ್ದೆ ಮಾಡಿ ನಿಲ್ಲಿಸಿದೆವು ಅಂದುಕೊಂಡಿದ್ದೆವು.

ಇನ್ನು ನಮ್ಮೊಳಗಿನ ಜಗಳ. ನಮ್ಮ ಹಿರಿಯ ಸಂಗಾತಿಗಳು ಕೆಲವರು, ಅವರ ಮೇಲೆ ನಮಗೆ ಗೌರವವಿದೆ, ಹುಡುಗರನ್ನು ಕೂರಿಸಿಕೊಂಡು ಹೇಳುತ್ತಾರೆ: "ಈ ಕಾರ್ಡು ಗೀರ್ಡು ಎಲ್ಲ ಬಂಡವಾಳಶಾಹಿ ಬಲೆ ಕಣ್ರೋ, ಮುಟ್ಟಬೇಡಿ." ಮಾತು ಅರ್ಧ ನಿಜ. ಉಳಿದರ್ಧದ ಬಗ್ಗೆ ಕೇಳಬೇಕಾಗಿದೆ. ಹೀಗೆ ಹೇಳುವ ಹಿರಿಯರಿಗೆ ಸಂಬಳದ ಚೀಟಿ ಇದೆ. ಮನೆ ಕಟ್ಟಲು ಸಾಲ ಸಿಕ್ಕಿದೆ, ಸ್ಕೂಟರಿಗೆ ಸಿಕ್ಕಿದೆ, ಅವರಿಗೆ ಗೊತ್ತಿಲ್ಲದೆಯೇ ಅವರ ಹೆಸರಿನಲ್ಲಿ ಒಳ್ಳೆಯ ಅಂಕ ಬೆಳೆದು ನಿಂತಿದೆ. ಬಲೆಯ ಆಚೆ ಕಡೆಯಿಂದ ಬಲೆ ಮುಟ್ಟಬೇಡಿ ಅನ್ನುವುದು ಸುಲಭ. ಊರಿನ ಬಾವಿಯ ನೀರು ಕೆಟ್ಟದ್ದು ಎಂದು ತಿಳಿದಿದ್ದರೂ ಆ ಬಾವಿಗೆ ಇಳಿಯುವ ಹಕ್ಕಿಗೆ ನಾವು ಹೊಡೆದಾಡಿದವರು. ನೀರು ಕುಡಿಯುವುದು ಬಿಡುವುದು ಆಮೇಲಿನ ಮಾತು.

ದುಡ್ಡಿನ ವಿಷಯ ಮಾತಾಡಿದರೆ ಹೋರಾಟ ಮೈಲಿಗೆಯಾಗುತ್ತದೆ ಎನ್ನುವವರು ಬಾಬಾಸಾಹೇಬರನ್ನು ನೆನೆಯಬೇಕು. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೊರಟ ಆ ಹುಡುಗ ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಚಾಕರಿ ಮಾಡುವ ಕರಾರಿಗೆ ರುಜು ಹಾಕಿದ್ದ. ಅವನು ಮಾತಿಗೆ ನಿಂತ. 1917ರಲ್ಲಿ ಬರೋಡಾಕ್ಕೆ ಹೋದ. ಇರಲು ಒಂದು ಕೋಣೆ ಕೊಡುವವರು ಆ ಊರಿನಲ್ಲಿ ಸಿಗಲಿಲ್ಲ. ಹೆಸರು ಮರೆಸಿ ಪಾರ್ಸಿಗಳ ಛತ್ರದಲ್ಲಿ ಉಳಿದಾಗ ದೊಣ್ಣೆ ಹಿಡಿದು ಬಂದು ಓಡಿಸಿದರು. ಸಾಲ ಮಾಡಿದವನು ಮಾತು ಉಳಿಸಿಕೊಂಡ, ಊರು ಉಳಿಸಿಕೊಳ್ಳಲಿಲ್ಲ. ಆ ಊರಿಗೆ ಯಾರು ಅಂಕ ಹಾಕಿದರು? ಅದೇ ಮನುಷ್ಯ ಮತ್ತೆ ಲಂಡನ್ನಿಗೆ ಹೋಗಿ ರೂಪಾಯಿಯ ಹುಟ್ಟು ಬೆಳವಣಿಗೆಯ ಮೇಲೆಯೇ ಪ್ರಬಂಧ ಬರೆದ, 1923ರಲ್ಲಿ ಅದು ಪುಸ್ತಕವಾಯಿತು. ದುಡ್ಡಿನ ಲೆಕ್ಕ ಓದುವುದು ನಮಗೆ ಹೊಸದಲ್ಲ, ಅನ್ಯವೂ ಅಲ್ಲ.

ಹಿರಿಯರ ಮಾತಿನ ನಿಜವಾದ ಅರ್ಧ ಯಾವುದು ಅಂದರೆ, ಬಲೆ ಇರುವುದು ನಿಜ. ಅದನ್ನು ಬೀಸುವವರು ಈಗ ಊರ ಮುಂದಿನ ಕಟ್ಟೆಯ ಮೇಲೆ ಕೂರುವುದಿಲ್ಲ. ಹುಡುಗನ ಅಂಗಿ ಜೇಬಿನಲ್ಲೇ ಕೂತಿರುತ್ತಾರೆ.

ನಮ್ಮ ಹಾಸ್ಟೆಲಿನಲ್ಲೇ ಆದದ್ದು. ಇನ್ನೊಬ್ಬ ಹುಡುಗ, ಓದಿನಲ್ಲಿ ಚುರುಕು, ತಮಟೆ ಹಿಡಿದರೆ ಕೇಳಬೇಕು. ಸ್ಕಾಲರ್‌ಶಿಪ್ ಬಂದಿರಲಿಲ್ಲ, ಫೋನಿನಲ್ಲಿ ಒಂದು ಸಾಲದ ಆ್ಯಪು ಹಾಕಿಕೊಂಡ. ಮೂರು ಸಾವಿರ ಅಂತ ಬರೆದು ಕೈಗೆ ಎರಡು ಸಾವಿರದ ಚಿಲ್ಲರೆ ಕೊಟ್ಟರು, ಮಿಕ್ಕಿದ್ದು ಅವರ ಖರ್ಚಂತೆ. ಏಳು ದಿನದ ವಾಯಿದೆ. ಎಂಟನೇ ದಿನ ಫೋನು ಶುರುವಾಯಿತು. ಅವನಿಗೆ ಮಾತ್ರ ಅಲ್ಲ, ಅವನ ಫೋನಿನಲ್ಲಿದ್ದ ಎಲ್ಲರಿಗೂ. ಅಕ್ಕನ ಗಂಡನಿಗೆ, ಕಾಲೇಜಿನ ಹುಡುಗಿಯರಿಗೆ, ಊರಿನ ಶಾಲೆಯ ಮೇಷ್ಟ್ರಿಗೆ. "ನಿಮ್ಮ ಶಿಷ್ಯ ಕಳ್ಳ" ಎಂದು ಮೇಷ್ಟ್ರಿಗೆ ಹೇಳಿದರು. ಆ ಮೇಷ್ಟ್ರು ಅವನನ್ನು ಹೈಸ್ಕೂಲಿಗೆ ಕೈ ಹಿಡಿದು ಕರೆದುಕೊಂಡು ಹೋಗಿ ಸೇರಿಸಿದವರು. ಅವರು ಅವನನ್ನು ಬೈಯಲಿಲ್ಲ, ದುಡ್ಡು ಎಷ್ಟು ಬೇಕೋ ಕೊಡ್ತೀನಿ ಬಾ ಅಂದರು. ಅದನ್ನೇ ಅವನು ತಡೆದುಕೊಳ್ಳಲಾರದೆ ಹೋದ. ಒಂದು ಆ್ಯಪಿನ ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ಕೊನೆಗೆ ಒಂದು ರಾತ್ರಿ ಟ್ರಂಕು ಬಿಟ್ಟು ಬೆಂಗಳೂರಿಗೆ ಹೋಗಿ ಕಟ್ಟಡದ ಕೆಲಸಕ್ಕೆ ಸೇರಿಕೊಂಡ. ಆರನೇ ಸೆಮಿಸ್ಟರಿನ ಪರೀಕ್ಷೆ ಇವತ್ತಿಗೂ ಬರೆದಿಲ್ಲ.

ಈ ದಂಧೆಗೆ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಕಟ್ಟಳೆ ಮಾಡಿತು. ಸಾಲಗಾರನ ಫೋನಿನೊಳಗಿನ ಹೆಸರು ನಂಬರುಗಳನ್ನು ಆ್ಯಪು ಮುಟ್ಟಕೂಡದು, ದುಡ್ಡು ನೇರ ಅವನ ಖಾತೆಗೇ ಬರಬೇಕು ಎಂದಿತು. ಕಟ್ಟಳೆ ಇದೆ ಎಂದು ಆ ಹುಡುಗನಿಗೆ ಯಾರು ಹೇಳಬೇಕಿತ್ತು? ನಾವು ಹೇಳಬೇಕಿತ್ತು. ನಾವು ಆಗ ಯಾವುದೋ ವಿಚಾರ ಸಂಕಿರಣದ ಬ್ಯಾನರು ಕಟ್ಟುತ್ತಿದ್ದೆವು. ಇದನ್ನು ಒಪ್ಪಿಕೊಂಡೇ ಮುಂದಕ್ಕೆ ಮಾತಾಡಬೇಕು. ಕಾರ್ಡು ಮುಟ್ಟಬೇಡಿ ಎಂದು ಹೇಳಿ ಸುಮ್ಮನಾದ ಕಡೆಯಲ್ಲೆಲ್ಲ ಆ್ಯಪು ಬಂದು ಕೂತಿತು.

ಇನ್ನು ಕಾರ್ಡಿನ ವಿಷಯಕ್ಕೇ ಬರೋಣ. ಬ್ಯಾಂಕಿನ ಕಾರ್ಡು ಆ್ಯಪಿನಷ್ಟು ನೀಚವಲ್ಲ, ಆದರೆ ಸಾಧುವೂ ಅಲ್ಲ. ತಿಂಗಳ ಬಿಲ್ಲು ಬರುತ್ತದೆ. ವಾಯಿದೆಯೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ. ಇದು ನಿಜ, ಇಷ್ಟರ ಮಟ್ಟಿಗೆ ಸಾಹುಕಾರನಿಗಿಂತ ವಾಸಿ. ಆದರೆ ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ, ಒಂದು ಪೂರ್ತಿ ಮೊತ್ತ, ಇನ್ನೊಂದು ಕನಿಷ್ಠ ಮೊತ್ತ. ಈ ಕನಿಷ್ಠ ಎನ್ನುವ ಪದದಲ್ಲಿದೆ ಕೊರಳ ಕುಣಿಕೆ. "ಸದ್ಯಕ್ಕೆ ಇಷ್ಟು ಕಟ್ಕೊಂಡು ಹೋಗು, ಅಸಲು ಆಮೇಲೆ ನೋಡನ" ಎಂದು ಸಾಹುಕಾರ ಅಜ್ಜನಿಗೆ ಹೇಳುತ್ತಿದ್ದನಲ್ಲ, ಅದೇ ಮಾತು.

ಲೆಕ್ಕ ಹಾಕೋಣ, ಮೇಷ್ಟ್ರುಗಳು ಇದನ್ನು ಬೋರ್ಡಿನ ಮೇಲೆ ಹಾಕಿ ತೋರಿಸಬಹುದು. ಹತ್ತು ಸಾವಿರ ಬಾಕಿ ಇದೆ ಅಂತಿಟ್ಟುಕೊಳ್ಳಿ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ಕಾರ್ಡುಗಳಲ್ಲಿ ಇದು ಮಾಮೂಲಿ ದರ. ವರ್ಷಕ್ಕೆ 42 ಆಯಿತು. ಮೊದಲ ತಿಂಗಳ ಬಡ್ಡಿ 350 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿ.ಎಸ್.ಟಿ. 63 ರೂಪಾಯಿ, ಒಟ್ಟು 413. ಕನಿಷ್ಠ ಮೊತ್ತ ಬಾಕಿಯ ನೂರಕ್ಕೆ ಐದರಂತೆ 500. ಐನೂರು ಕಟ್ಟಿದೆ ಎಂದು ನೀವು ಎದೆ ಉಬ್ಬಿಸಿ ಬರುತ್ತೀರಿ. ಅಸಲಿಗೆ ಹೋದದ್ದು 87 ರೂಪಾಯಿ. ಹೀಗೇ ಒಂದು ವರ್ಷ ತಪ್ಪದೆ ಕಟ್ಟಿದರೆ ಕೈಯಿಂದ ಸುಮಾರು 5,700 ಹೋಗಿರುತ್ತದೆ, ಸಾಲ ಇನ್ನೂ ಸುಮಾರು 9,000 ಇರುತ್ತದೆ. ಅಷ್ಟೇ ಅಲ್ಲ. ಹಳೇ ಬಾಕಿ ಉಳಿಸಿಕೊಂಡು ಕಾರ್ಡಿನಲ್ಲಿ ಹೊಸದಾಗಿ ಏನಾದರೂ ಕೊಂಡರೆ ಅದಕ್ಕೆ ಕೊಂಡ ದಿನದಿಂದಲೇ ಬಡ್ಡಿ. ಕಾರ್ಡು ಹಾಕಿ ಎ.ಟಿ.ಎಂ.ನಲ್ಲಿ ನಗದು ತೆಗೆದರೆ ತೆಗೆದ ಗಳಿಗೆಯಿಂದಲೇ ಬಡ್ಡಿ, ಮೇಲೊಂದು ಶುಲ್ಕ.

ವರ್ಷಕ್ಕೆ ಮೂವತ್ತರ ಮೇಲೆ ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರ ಎಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. ಹದಿನಾರು ವರ್ಷ ಆದ ಮೇಲೆ, 2024ರ ಡಿಸೆಂಬರ್ 20ರಂದು, ಸುಪ್ರೀಂ ಕೋರ್ಟು ಆಯೋಗದ ಆ ಆದೇಶವನ್ನು ತಳ್ಳಿಹಾಕಿತು. ಬಡ್ಡಿಯ ವಿಷಯ ರಿಸರ್ವ್ ಬ್ಯಾಂಕಿನದು, ಆಯೋಗದ್ದಲ್ಲ ಎಂದಿತು. ಇದಾಗಿ ಎರಡು ತಿಂಗಳಿಗೆ, 2025ರ ಫೆಬ್ರವರಿಯಲ್ಲಿ, ನಮ್ಮ ಕರ್ನಾಟಕ ಸರ್ಕಾರ ಸಾಲ ವಸೂಲಿಯ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು, ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಫೈನಾನ್ಸಿನವರ ಕಾಟಕ್ಕೆ ಊರು ಬಿಟ್ಟು ಹೋಗುತ್ತಿದ್ದ ಹೊತ್ತು, ಅದು ಬೇಕಿತ್ತು, ನಾವು ಸ್ವಾಗತಿಸಿದೆವು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡವರು ಅದರ ಹೊರಗೆ ಉಳಿದರು. ಮೀಸೆ ಬಿಟ್ಟ ಸಾಹುಕಾರನಿಗೆ ಒಂದು ನ್ಯಾಯ, ಟೈ ಕಟ್ಟಿದ ಸಾಹುಕಾರನಿಗೆ ಇನ್ನೊಂದು.

ಹಾಗಾದರೆ ನಾವು ಏನು ಹೇಳುತ್ತಿದ್ದೇವೆ? ಪತ್ತು ಬೇಕು, ಬಡ್ಡಿ ಬೇಡ. ಎರಡೂ ಒಟ್ಟಿಗೆ ಸಾಧ್ಯ, ಹೇಗೆ ಎಂಬುದನ್ನು ಹೆಣ್ಣುಮಕ್ಕಳ ಹಾಸ್ಟೆಲಿನ ಒಬ್ಬಳು ನಮಗೆ ತೋರಿಸಿಕೊಟ್ಟಳು. ಮಲೆನಾಡಿನ ಕಡೆಯವಳು. ರಜೆಯಲ್ಲಿ ತಾಯಿಯ ಜೊತೆ ಕಾಫಿ ಹಣ್ಣು ಕುಯ್ಯಲು ಹೋಗಿ, ಎರಡು ವರ್ಷದ ಕೂಲಿಯಲ್ಲಿ ಉಳಿಸಿದ ಹತ್ತು ಸಾವಿರವನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಟ್ಟಳು. ಠೇವಣಿಯ ಆಧಾರದ ಮೇಲೆ ಕಾರ್ಡು ಕೊಡುವ ಬ್ಯಾಂಕುಗಳಿವೆ. ಹದಿನೆಂಟು ತುಂಬಿದ್ದರೆ ಸಾಕು, ಸಂಬಳದ ಚೀಟಿ ಕೇಳುವುದಿಲ್ಲ, ಹಿಸ್ಟರಿ ಕೇಳುವುದಿಲ್ಲ. ಠೇವಣಿಗಿಂತ ತುಸು ಕಡಿಮೆ ಮಿತಿ. ಠೇವಣಿಯ ಬಡ್ಡಿ ಅವಳಿಗೇ ಬರುತ್ತದೆ. ಅವಳು ಕಾರ್ಡಿನಲ್ಲಿ ತಿಂಗಳಿಗೆ ಫೋನಿನ ರೀಚಾರ್ಜು ಮಾಡುತ್ತಾಳೆ, ಒಂದೋ ಎರಡೋ ಪುಸ್ತಕ ಕೊಳ್ಳುತ್ತಾಳೆ, ಅಷ್ಟೇ. ಕೊಳ್ಳುವ ಮೊದಲು ದುಡ್ಡು ಖಾತೆಯಲ್ಲಿ ಇರಬೇಕು ಎನ್ನುವುದು ಅವಳ ನಿಯಮ. ಬಿಲ್ಲು ಬಂದ ದಿನವೇ ಪೂರ್ತಿ ಮೊತ್ತ ಕಟ್ಟುತ್ತಾಳೆ. ಗೆಳತಿ ಕೇಳಿದರೂ ಕಾರ್ಡು ಕೊಡುವುದಿಲ್ಲ, ಅದಕ್ಕೆ ಜಿಪುಣಿ ಎಂಬ ಹೆಸರೂ ಪಡೆದಿದ್ದಾಳೆ. ಏಳನೇ ತಿಂಗಳಿಗೆ ಅವಳ ಹೆಸರಿನಲ್ಲಿ ಅಂಕ ಕಾಣಿಸಿಕೊಂಡಿತು. ಅವರ ಮನೆತನದಲ್ಲೇ ಮೊದಲು.

ಅವಳ ತಾಯಿಗೆ ಇದನ್ನು ವಿವರಿಸಿದಾಗ ಆ ತಾಯಿ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. "ನಮ್ ದುಡ್ಡು ಅವರತ್ರ ಮಡಗಿ, ನಾವೇ ಅವರಿಗೆ ಸಾಲಗಾರ್ರಾ?" ಹೌದು ತಾಯಿ, ಹಾಗೇ. ಅಪ್ಪನಿಗೆ ಸಂಬಳ ಇದ್ದವನ ಮಗ ಹದಿನೆಂಟಕ್ಕೇ ಅಪ್ಪನ ಖಾತೆಯ ಮೇಲೆ ಹೆಚ್ಚುವರಿ ಕಾರ್ಡು ಹಿಡಿದು ಓಡಾಡುತ್ತಾನೆ, ಎಡವಿದರೆ ಅಪ್ಪ ಕಟ್ಟುತ್ತಾನೆ. ಅವನಿಗೆ ಪತ್ತು ಹುಟ್ಟಿನಿಂದ. ನಿಮ್ಮ ಮಗಳು ಎರಡು ವರ್ಷದ ಕೂಲಿಯನ್ನು ಅಡವಿಟ್ಟ ಮೇಲೆ ಅವಳನ್ನು ನಂಬುತ್ತಾರೆ. ಅಡವಿಟ್ಟ ಮೇಲೆ ನಂಬುವುದಕ್ಕೆ ಏನು ಉಳಿಯಿತು ಎಂದು ನಾವೂ ಕೇಳುತ್ತಿದ್ದೇವೆ. ಆ ಹತ್ತು ಸಾವಿರ ಇಲ್ಲದವರು, ನಮ್ಮಲ್ಲಿ ಅವರೇ ಹೆಚ್ಚು, ಏನು ಮಾಡಬೇಕು ಎನ್ನುವುದಕ್ಕೂ ನಾವು ಜಾಣತನದ ಉಪಾಯ ಹೇಳಲಾರೆವು. ಕೆಲವು ಕಡೆ ಹತ್ತಕ್ಕಿಂತ ಕಡಿಮೆ ಠೇವಣಿಗೂ ಕೊಡುತ್ತಾರೆ, ವಿಚಾರಿಸಬೇಕು. ಒಂದಂತೂ ಹೇಳುತ್ತೇವೆ. ಐದು ಬ್ಯಾಂಕುಗಳಿಗೆ ಒಟ್ಟಿಗೆ ಅರ್ಜಿ ಹಾಕಬೇಡಿ, ಅರ್ಜಿ ಹಾಕಿದ್ದನ್ನೂ ಆ ಪುಸ್ತಕದಲ್ಲಿ ಬರೆಯುತ್ತಾರೆ. ಮಿತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಳಸಬೇಡಿ. ಸ್ಕಾಲರ್‌ಶಿಪ್ ಬರುತ್ತದೆ, ಬಂದಾಗ ಕಟ್ಟುತ್ತೇನೆ ಎಂದು ಕಾರ್ಡು ಉಜ್ಜಬೇಡಿ. ಇದು ಎಲ್ಲಕ್ಕಿಂತ ಮುಖ್ಯ.

ಯಾಕೆಂದರೆ ಕಾರ್ಡಿಗೆ ವಾಯಿದೆ ಇದೆ, ಸ್ಕಾಲರ್‌ಶಿಪ್ಪಿಗೆ ಇಲ್ಲ. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕೇಂದ್ರದ್ದು ಅರವತ್ತು ಪಾಲು, ರಾಜ್ಯದ್ದು ನಲವತ್ತು ಪಾಲು. ಒಬ್ಬರು ಕೊಟ್ಟರೆ ಇನ್ನೊಬ್ಬರು ಕೊಡುವುದಿಲ್ಲ, ಇಬ್ಬರೂ ಕೊಟ್ಟ ವರ್ಷ ಆಧಾರ್ ಜೋಡಣೆ ಆಗಿಲ್ಲ ಎಂದು ವಾಪಸ್ಸು ಹೋಗುತ್ತದೆ. ಪದವಿ ಮುಗಿಸಿ ಊರು ಸೇರಿದ ಮೇಲೆ ಮೂರನೇ ವರ್ಷದ ದುಡ್ಡು ಬಂದವರು ನಮ್ಮೊಡನೆ ಇದ್ದಾರೆ. ನಾವು ಕಾರ್ಡಿನ ವಾಯಿದೆ ಮೂರು ದಿನ ಮೀರಿದರೆ ಬ್ಯಾಂಕು ನಾಲ್ಕೂ ಕಂಪನಿಗಳಿಗೆ ನಮ್ಮ ಹೆಸರು ಬರೆದು ಕಳಿಸಬಹುದು. ವರ್ಷಗಟ್ಟಲೆ ಮೀರುವ ಸರ್ಕಾರವನ್ನು ಯಾವ ಕಂಪನಿಗೆ ಬರೆಯುತ್ತಾರೆ? ಸುಸ್ತಿದಾರ ಎನ್ನುವ ಪದ ವಿಧಾನಸೌಧದ ಮೆಟ್ಟಿಲು ಹತ್ತುವುದಿಲ್ಲ ಯಾಕೆ? ಆ ಆ್ಯಪಿನ ಹುಡುಗನನ್ನು ಓಡಿಸಿದ್ದು ಮೂರು ಸಾವಿರದ ಸಾಲವಲ್ಲ, ಅವನಿಗೆ ಬರಬೇಕಾಗಿದ್ದ ದುಡ್ಡು ಬಾರದೇ ಹೋದದ್ದು.

ನಮ್ಮ ಹಕ್ಕೊತ್ತಾಯ ಇಷ್ಟು. ವಿದ್ಯಾರ್ಥಿವೇತನಕ್ಕೆ ತಾರೀಕು ಗೊತ್ತು ಮಾಡಿ, ತಪ್ಪಿದರೆ ನಮಗೆ ಹಾಕುವ ಹಾಗೇ ನೂರಕ್ಕೆ ಮೂರೂವರೆ ಬಡ್ಡಿ ಸೇರಿಸಿ ಕೊಡಿ. ಮೊದಲ ಸಲ ಸಾಲ ಕೇಳುವವರನ್ನು ಹಿಸ್ಟರಿ ಇಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕು 2025ರ ಜನವರಿ 6ರ ನಿರ್ದೇಶನದಲ್ಲಿ ಹೇಳಿದೆ, ಅದನ್ನು ಕನ್ನಡದಲ್ಲಿ ಬರೆದು ಪ್ರತಿ ಶಾಖೆಯ ಗೋಡೆಗೆ ಹಚ್ಚಿ. ವಿದ್ಯಾರ್ಥಿಯ ಅಂಕ ಕಡಿಮೆ ಎಂದು ಶಿಕ್ಷಣ ಸಾಲದ ಅರ್ಜಿ ತಳ್ಳಿಹಾಕಬಾರದು ಎಂದು 2023ರಲ್ಲಿ ಕೇರಳದ ಹೈಕೋರ್ಟು ಹೇಳಿತು, ತಾಯಿ ತಂದೆಯ ಅಂಕಕ್ಕೂ ಅದೇ ನ್ಯಾಯ ಸಲ್ಲಬೇಕು. ಕಾರ್ಡಿನ ಷರತ್ತುಗಳು ಸರಳವಾಗಿ, ಸ್ಥಳೀಯ ಭಾಷೆಯಲ್ಲೂ ಇದ್ದರೆ ಒಳ್ಳೆಯದು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿತ್ತು. ಇದ್ದರೆ ಒಳ್ಳೆಯದು ಅಂತೆ! ಇರಲೇಬೇಕು ಎನ್ನಿ. ಅಜ್ಜನಿಗೆ ಓದಲು ಬರುತ್ತಿರಲಿಲ್ಲ, ಅವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಮೊಮ್ಮಗನಿಗೆ ಓದಲು ಬರುತ್ತದೆ, ಅದಕ್ಕೇ ಅವನಿಗೆ ಅರ್ಥವಾಗದ ಇಂಗ್ಲಿಷಿನಲ್ಲಿ ನಲವತ್ತು ಪುಟ ಕೊಟ್ಟು ಓ.ಟಿ.ಪಿ. ಒತ್ತಿಸಿಕೊಳ್ಳುತ್ತಾರೆ.

ಕೇಳುವುದನ್ನು ಕೇಳುತ್ತ, ಮಾಡುವುದನ್ನು ಮಾಡುತ್ತಿದ್ದೇವೆ. ಆ ನಾಲ್ಕು ಕಂಪನಿಗಳೂ ವರ್ಷಕ್ಕೊಮ್ಮೆ ಪ್ರತಿಯೊಬ್ಬರಿಗೂ ಅವರ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಈಗ ಎರಡು ತಿಂಗಳಿಂದ ಭಾನುವಾರದ ಸಂಜೆ ಹಾಸ್ಟೆಲಿನ ಓದುವ ಕೋಣೆಯಲ್ಲಿ ಹತ್ತು ಹದಿನೈದು ಹುಡುಗರು ಕೂತು ತಂತಮ್ಮ ವರದಿ ತೆಗೆಸಿ ಓದುತ್ತಿದ್ದಾರೆ. ತಾಯಂದಿರ ವರದಿಗಳನ್ನೂ ತರಿಸಿದ್ದೇವೆ. ಸಾಹುಕಾರನ ಪೆಟ್ಟಿಗೆಯ ಪು‌ಸ್ತಕ ನಮ್ಮ ಕೈಗೆ ಬಂದದ್ದು ಇದೇ ಮೊದಲು.

ಬೆಂಗಳೂರಿಗೆ ಹೋದ ಹುಡುಗನನ್ನೂ ಹುಡುಕಿ ಕರೆತಂದೆವು. ಅವನ ವರದಿ ತೆಗೆದರೆ, ಮೇಷ್ಟ್ರು ಕೊನೆಗೂ ಅವನ ಕೈಗೆ ತುರುಕಿದ ದುಡ್ಡಿನಲ್ಲಿ ಅವನು ಬಡ್ಡಿ ಸಮೇತ ತೀರಿಸಿದ್ದ ಒಂದು ಸಾಲ ಇನ್ನೂ ಬಾಕಿ ಎಂದೇ ಇತ್ತು. ಕಟ್ಟಿದ ಪುರಾವೆ ಅವನ ಫೋನಿನಲ್ಲಿತ್ತು. ದೂರು ಬರೆದು ಕಳಿಸಿದ್ದೇವೆ. 30 ದಿನದೊಳಗೆ ಸರಿಪಡಿಸಬೇಕು, ಇಲ್ಲವಾದರೆ ಆಮೇಲಿನ ಒಂದೊಂದು ದಿನಕ್ಕೂ ಅವರು ಅವನಿಗೆ 100 ರೂಪಾಯಿ ಕೊಡಬೇಕು, ಹೀಗೆಂದು ರಿಸರ್ವ್ ಬ್ಯಾಂಕಿನ ಕಟ್ಟಳೆಯಿದೆ. ಇವತ್ತಿಗೆ 19 ದಿನ ಆಯಿತು. ಹುಡುಗ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದಾನೆ, ಪರೀಕ್ಷೆಯ ಅರ್ಜಿಯನ್ನೂ ತುಂಬಿದ್ದಾನೆ.